ಕೈಗುಣದ ಹಿಂದೆ ಇರುವ ಕೆಲಸ



ದೋಸೆ ಚೆನ್ನಾಗಿದ್ದ ದಿನ ಗಿರಾಕಿಗಳು ಗಲ್ಲಾದ ಹತ್ತಿರ ಬಂದು, "ಅಣ್ಣಾ, ಆಜ್ ಡೋಸಾ ಮಸ್ತ್ ಥಾ" ಎಂದು ನಮಗೆ ಹೇಳುತ್ತಾರೆ. ನಾವು ನಕ್ಕು ಚಿಲ್ಲರೆ ಎಣಿಸಿ ಕೊಡುತ್ತೇವೆ. ಒಳಗೆ ಕಾವಲಿಯ ಮುಂದೆ ಬೆವರು ಒರೆಸಿಕೊಳ್ಳುತ್ತಾ ನಿಂತವರಿಗೆ ಆ ಮಾತು ಮುಟ್ಟುವುದಿಲ್ಲ. ಆದರೆ ದೋಸೆ ಕೆಟ್ಟ ದಿನ ನಮ್ಮ ಕೂಗು ಒಂದೇ ನಿಮಿಷದಲ್ಲಿ ಒಳಗೆ ಮುಟ್ಟುತ್ತದೆ. ಇದು ನಮ್ಮ ಒಂದು ಹೋಟೆಲಿನ ಮಾತಲ್ಲ. ಈ ಪತ್ರಿಕೆ ಓದುವ ಬಹಳ ಮಂದಿ ಮನಸ್ಸಿನಲ್ಲೇ ಹೌದು ಎನ್ನುತ್ತಾರೆ ಎಂದು ನಮಗೆ ಗೊತ್ತು.

ನಮ್ಮ ಪತ್ರಿಕೆಯಲ್ಲಿ ಲೈಸೆನ್ಸು, ಜಿ.ಎಸ್.ಟಿ., ಬಾಡಿಗೆ, ಗ್ಯಾಸಿನ ದರ ಇವುಗಳ ಬಗ್ಗೆ ಓದುತ್ತಲೇ ಇರುತ್ತೇವೆ. ಅದು ಬೇಕು. ಈ ಸಲ ನಾವು ಬರೆಯುವುದು ಅಡುಗೆಮನೆಯ ಕೈಕೆಲಸದ ಬಗ್ಗೆ. "ಅವರ ಕೈಗುಣ ಚೆನ್ನಾಗಿದೆ" ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಕೈಗುಣ ಎಂದರೆ ದೇವರು ಕೊಟ್ಟದ್ದು, ಅದನ್ನು ಕಲಿಯಲೂ ಬರುವುದಿಲ್ಲ, ಕಲಿಸಲೂ ಬರುವುದಿಲ್ಲ ಎಂದು ನಾವೂ ತಿಳಿದಿದ್ದೆವು. ಅದು ತಪ್ಪು ಎಂದು ನಮಗೆ ತಿಳಿದದ್ದು ಸ್ವಲ್ಪ ನಷ್ಟವಾದ ಮೇಲೆ.

ನಮ್ಮ ತಪ್ಪಿನಿಂದ ಕಲಿತದ್ದು

2022ರ ಮಳೆಗಾಲದಲ್ಲಿ ನಮ್ಮ ದೋಸೆ ಭಟ್ಟರು ಊರಿಗೆ ಹೊರಟರು. 24 ವರ್ಷ ನಮ್ಮಲ್ಲಿ ನಿಂತವರು. ಮಂಡಿ ನೋವು, ಇನ್ನು ನಿಲ್ಲಲು ಆಗುವುದಿಲ್ಲ ಎಂದರು. ಒಂದು ತಿಂಗಳು ಮುಂಚೆಯೇ ಹೇಳಿದ್ದರು. ನಾವು ಹೊಸಬರನ್ನು ಇಟ್ಟುಕೊಂಡೆವು. ಕೆಲಸ ಬಲ್ಲವರೇ. ಅದೇ ಅಕ್ಕಿ, ಅದೇ ಉದ್ದು, ಅದೇ ಕಾವಲಿ, ಅದೇ ಗ್ಯಾಸು. ಇನ್ನು ಕಷ್ಟವೇನು ಎಂದುಕೊಂಡೆವು.

ಎರಡನೆಯ ವಾರ ದೋಸೆ ಕಾವಲಿಗೆ ಅಂಟಲು ಶುರುವಾಯಿತು. ಮಧ್ಯದಲ್ಲಿ ಹರಿಯುತ್ತಿತ್ತು, ಬಣ್ಣ ಒಂದು ಕಡೆ ಕಪ್ಪು, ಒಂದು ಕಡೆ ಬಿಳಿ. ದಿನಾ ಬೆಳಗ್ಗೆ ಬರುತ್ತಿದ್ದ ಹಳೆಯ ಗಿರಾಕಿಗಳು ಇಡ್ಲಿ ಕೇಳತೊಡಗಿದರು. ನಾವು ಅಕ್ಕಿ ವ್ಯಾಪಾರಿಯ ಮೇಲೆ ರೇಗಿದೆವು. ಉದ್ದಿನ ಬೇಳೆಯ ಚೀಲ ಬದಲಿಸಿದೆವು. ಹೊಸ ಭಟ್ಟರನ್ನು ಎಲ್ಲರ ಎದುರೇ ಬೈದೆವು. ಕೊನೆಗೆ ನಾಚಿಕೆ ಬಿಟ್ಟು ಹಳೆಯ ಭಟ್ಟರಿಗೆ ಫೋನ್ ಮಾಡಿದೆವು.

ಅವರು ಎಲ್ಲವನ್ನೂ ಕೇಳಿ ಒಂದೇ ಮಾತು ಕೇಳಿದರು: "ಕಾವಲಿಗೆ ಸೋಪು ಹಾಕಿ ತಿಕ್ಕಿದ್ರಾ ಅಣ್ಣಾ?"

ಹೌದು, ತಿಕ್ಕಿದ್ದರು. ಸುಮ್ಮನೆ ಅಲ್ಲ, ನಾವೇ ಹೇಳಿದ್ದೆವು. ಹೊಸಬರು ಬಂದ ದಿನವೇ, "ಕಾವಲಿ ಕಪ್ಪಗಿದೆ, ಇನ್‌ಸ್ಪೆಕ್ಷನ್‌ಗೆ ಬಂದರೆ ಏನು ಹೇಳುವುದು, ತಿಕ್ಕಿ ಹೊಳೆಯುವಂತೆ ಮಾಡಿ" ಎಂದು ಹುಕುಂ ಮಾಡಿದ್ದು ನಾವು. 24 ವರ್ಷ ಆ ಭಟ್ಟರು ಮಗುವಿನಂತೆ ಸಾಕಿದ ಕಾವಲಿಯನ್ನು ಒಂದು ಮಧ್ಯಾಹ್ನದಲ್ಲಿ ಹಾಳು ಮಾಡಿದ್ದೆವು. "ಇದನ್ನು ಹೋಗುವಾಗ ಹೇಳಬಾರದಿತ್ತೇ ಭಟ್ರೇ?" ಎಂದೆವು. ಅವರು ಬೇಸರವಿಲ್ಲದೆ, "ನೀವು ಕೇಳಲಿಲ್ಲ, ನಾನು ಹೇಳಲಿಲ್ಲ" ಎಂದರು.

ಆ ಮಾತು ನಮ್ಮ ಮನಸ್ಸಿನಲ್ಲಿ ನಿಂತಿತು. ಅಲ್ಲಿಂದ ನಮ್ಮ ಹೋಟೆಲಿನಲ್ಲಿ ಒಂದು ಪದ್ಧತಿ ಮಾಡಿದೆವು. ತಿಂಗಳಿಗೊಮ್ಮೆ, ಮಂಗಳವಾರ ಮಧ್ಯಾಹ್ನ ಮೂರೂವರೆಗೆ, ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ಮುಂಚೆ, ಎಲ್ಲರೂ ಅಡುಗೆಮನೆಯಲ್ಲಿ ಸೇರುವುದು. ಒಬ್ಬರು ತಮಗೆ ಹೆಮ್ಮೆ ಎನಿಸುವ ಒಂದು ಕೆಲಸವನ್ನು ಮಾಡಿ ತೋರಿಸಬೇಕು. ಹೇಗೆ ಮಾಡುತ್ತೇನೆ, ಯಾಕೆ ಹಾಗೆ ಮಾಡುತ್ತೇನೆ ಎಂದು ಹೇಳಬೇಕು. ಉಳಿದವರು ಪ್ರಶ್ನೆ ಕೇಳಬಹುದು. ಅಷ್ಟು ಹೊತ್ತು ಮಾಲಿಕರಾದ ನಾವು ಬಾಯಿ ಮುಚ್ಚಿ ಕೂರಬೇಕು. ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆವು. ಅದರಿಂದ ಕೆಲವನ್ನು ಇಲ್ಲಿ ವಿವರಿಸುತ್ತೇವೆ.

ಕಾವಲಿ ಪಳಗಿಸುವುದು

ಮೊದಲ ಪಾಠ ಆ ಹೊಸ ಭಟ್ಟರದೇ. ಹಳೆಯ ಭಟ್ಟರು ಫೋನಿನಲ್ಲಿ ಹೇಳಿದಂತೆ ಅವರು ಕಾವಲಿಯನ್ನು ಮತ್ತೆ ಪಳಗಿಸಿ ತೋರಿಸಿದರು.

ನಮ್ಮ ಕಾವಲಿ ಮುಕ್ಕಾಲು ಇಂಚು ದಪ್ಪದ ಕಬ್ಬಿಣದ ಹಲಗೆ. ದಪ್ಪ ಯಾಕೆ ಬೇಕು? ತೆಳ್ಳಗಿನ ತವಾಕ್ಕೆ ತಣ್ಣಗಿನ ಹಿಟ್ಟು ಬಿದ್ದ ಕೂಡಲೇ ಬಿಸಿ ಇಳಿಯುತ್ತದೆ. ದಪ್ಪ ಕಬ್ಬಿಣ ಬಿಸಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತದೆ. ಸಾಲಾಗಿ ಆರು ದೋಸೆ ಹಾಕಿದರೂ ಆರನೆಯದು ಮೊದಲನೆಯದರ ಹಾಗೆಯೇ ಏಳುತ್ತದೆ.

ಕಬ್ಬಿಣದ ಮೈ ಕಣ್ಣಿಗೆ ನಯವಾಗಿ ಕಂಡರೂ ಅದರಲ್ಲಿ ಸಣ್ಣ ಸಣ್ಣ ಉಬ್ಬು ತಗ್ಗು ಇರುತ್ತವೆ. ಹಿಟ್ಟು ಅಲ್ಲಿ ಹಿಡಿದುಕೊಳ್ಳುತ್ತದೆ. ಅದಕ್ಕೆ ಕಾವಲಿಯನ್ನು ಚೆನ್ನಾಗಿ ಕಾಯಿಸಿ, ಎಣ್ಣೆಯನ್ನು ಬಟ್ಟೆಯಲ್ಲಿ ಅದ್ದಿ ತೆಳ್ಳಗೆ ಹಚ್ಚಿ, ಹೊಗೆ ಬರುವವರೆಗೆ ಬಿಡಬೇಕು. ಕಾದ ಎಣ್ಣೆ ಗಾಳಿಯೊಡನೆ ಸೇರಿ ಗಟ್ಟಿಯಾಗಿ ಕಬ್ಬಿಣಕ್ಕೆ ಕಚ್ಚಿಕೊಳ್ಳುತ್ತದೆ. ಅದು ಆಮೇಲೆ ಎಣ್ಣೆಯಲ್ಲ, ಬಣ್ಣ ಬಳಿದಂತೆ ಒಂದು ಪದರ. ಹೀಗೆ ಐದಾರು ಸಲ ಮಾಡಿದರೆ ಕಾವಲಿ ಕಪ್ಪಾಗಿ ನಯವಾಗುತ್ತದೆ. ಎಣ್ಣೆ ದಪ್ಪಗೆ ಸುರಿದರೆ ಪದರ ಆಗುವುದಿಲ್ಲ, ಅಂಟು ಅಂಟಾಗುತ್ತದೆ. ಹಲವರು ತಪ್ಪುವುದು ಇಲ್ಲೇ. ಆಮೇಲೆ ಅರ್ಧ ಈರುಳ್ಳಿಯಿಂದ ಎಣ್ಣೆ ಉಜ್ಜಿ, ಮೊದಲ ಏಳೆಂಟು ದೋಸೆಗಳನ್ನು ಲೆಕ್ಕಕ್ಕೆ ಇಡದೆ ಹಾಕಿ ತೆಗೆಯಬೇಕು.

ನಾವು ಕೊಳೆ ಎಂದುಕೊಂಡಿದ್ದ ಆ ಕಪ್ಪೇ ಕಾವಲಿಯ ಬಂಡವಾಳ. ಸೋಪು, ಖಾರ, ತಂತಿ ಬ್ರಶ್ ಇವು ಅದನ್ನು ಕಿತ್ತುಹಾಕುತ್ತವೆ. ರಾತ್ರಿ ಕಾವಲಿ ಬಿಸಿ ಇರುವಾಗಲೇ ಸಟ್ಟುಗದಿಂದ ಕೆರೆದು, ಒಣ ಬಟ್ಟೆಯಿಂದ ಒರೆಸಿ, ಒಂದು ತೆಳು ಎಣ್ಣೆಯ ಕೈ ಹಚ್ಚಿದರೆ ಸಾಕು.

ಇನ್ನು ದೋಸೆ ಹಾಕುವ ಮುಂಚೆ ನೀರು ಚಿಮುಕಿಸಿ ಹಿಡಿಸೂಡಿಯಿಂದ ಒರೆಸುವುದು. ಅದು ಬರೀ ಕಸ ತೆಗೆಯಲು ಎಂದು ನಾವು ತಿಳಿದಿದ್ದೆವು. ಅದು ಭಟ್ಟರ ಥರ್ಮಾಮೀಟರ್. ನೀರು ಬಿದ್ದಲ್ಲೇ ನಿಧಾನ ಕುದಿದರೆ ಕಾವು ಸಾಲದು. ಚುಂಯ್ ಎಂದು ಕೂಡಲೇ ಆರಿದರೆ ಸರಿ. ನೀರು ಮುತ್ತಿನಂತೆ ಉರುಳಾಡಿದರೆ ಕಾವು ಮೀರಿದೆ. ಆಗ ಹನಿಯ ಅಡಿಯಲ್ಲಿ ಹಬೆಯ ಹಾಸಿಗೆ ಆಗಿ ನೀರು ಕಬ್ಬಿಣವನ್ನು ಮುಟ್ಟದೆ ತೇಲುತ್ತದೆ. ಆ ಕಾವಿಗೆ ಹಿಟ್ಟು ಸುರಿದರೆ ಹರಡುವ ಮುಂಚೆಯೇ ಬೆಂದು ಸೌಟಿಗೆ ಮುದ್ದೆಯಾಗಿ ಬರುತ್ತದೆ. ನೀರು ಹೊಡೆದು ಮೇಲ್ಮೈಯ ಕಾವು ಇಳಿಸಿದರೆ ಸೌಟು ಸುತ್ತಲು ಸಮಯ ಸಿಗುತ್ತದೆ. ಅಷ್ಟರಲ್ಲಿ ಕಬ್ಬಿಣದ ಹೊಟ್ಟೆಯ ಬಿಸಿ ಮೇಲೆ ಬಂದು ದೋಸೆಯನ್ನು ಕೆಂಪಗೆ ಮಾಡುತ್ತದೆ. ದಿನಕ್ಕೆ ನೂರಾರು ಸಲ ಆ ಸದ್ದನ್ನು ಕೇಳಿ ಕೈ ತಾನಾಗಿ ನಿಲ್ಲುತ್ತದೆ, ಹೊರಡುತ್ತದೆ. ನಾವು ಕೈಗುಣ ಎನ್ನುವುದು ಇದನ್ನೇ. ಅದರಲ್ಲಿ ಅರ್ಧ ಕಿವಿಯ ಗುಣ.

ಹಿಟ್ಟಿನ ಹದ

ಎರಡನೆಯ ಪಾಠ ಗ್ರೈಂಡರ್ ನೋಡಿಕೊಳ್ಳುವ ಹುಡುಗನದು. ಒಡಿಶಾದಿಂದ ಕ್ಲೀನರ್ ಆಗಿ ಬಂದವನು. ಕನ್ನಡ ಬಾರದು. ಆದರೆ 'ಹದ' ಎಂಬ ಮಾತು ಅವನಿಗೆ ಬರುತ್ತದೆ. "ಅಭಿ ಹದ ನಹೀಂ ಆಯಾ ಅಣ್ಣಾ" ಎನ್ನುತ್ತಾನೆ. ಈ ಮಾತಿಗೆ ಹಿಂದಿಯಲ್ಲಿ ಬೇರೆ ಶಬ್ದ ಅವನಿಗೂ ಸಿಕ್ಕಿಲ್ಲ, ನಮಗೂ ಸಿಕ್ಕಿಲ್ಲ.

ಅವನು ತೋರಿಸಿದ ಮೊದಲ ವಿಷಯ, ಉದ್ದು ಮತ್ತು ಅಕ್ಕಿಯನ್ನು ಯಾಕೆ ಬೇರೆ ಬೇರೆ ರುಬ್ಬುವುದು ಎಂದು. ಉದ್ದು ನುಣ್ಣಗೆ ಆಗಬೇಕು, ಗಾಳಿ ತುಂಬಬೇಕು. ಅಕ್ಕಿಯಲ್ಲಿ ಸ್ವಲ್ಪ ತರಿ ಉಳಿಯಬೇಕು. ಒಟ್ಟಿಗೆ ಹಾಕಿದರೆ ಎರಡೂ ಕೆಡುತ್ತವೆ. ಉದ್ದಿನಲ್ಲಿ ಇರುವ ಲೋಳೆಯೇ ಗಾಳಿಯನ್ನು ಹಿಡಿದಿಡುವುದು. ಉದ್ದಿಗೆ ನೀರು ಒಮ್ಮೆಲೇ ಸುರಿಯಬಾರದು. ಸ್ವಲ್ಪ ಸ್ವಲ್ಪವಾಗಿ ಚಿಮುಕಿಸುತ್ತಾ ರುಬ್ಬಿದರೆ ಮಾತ್ರ ಅದು ಉಬ್ಬುತ್ತದೆ. ಅವನ ಪರೀಕ್ಷೆ ಸುಲಭ. ಒಂದು ಲೋಟ ನೀರಿಗೆ ಉದ್ದಿನ ಹಿಟ್ಟಿನ ಸಣ್ಣ ಉಂಡೆ ಹಾಕುತ್ತಾನೆ. ತೇಲಿದರೆ ಹದ, ಮುಳುಗಿದರೆ ಇನ್ನೂ ರುಬ್ಬಬೇಕು.

ಎರಡನೆಯದು ಬಿಸಿಯ ವಿಷಯ. ಗ್ರೈಂಡರ್ ಕಲ್ಲು ತಿರುಗಿ ತಿರುಗಿ ಹಿಟ್ಟು ಬಿಸಿಯಾಗುತ್ತದೆ. ಬೇಸಿಗೆಯಲ್ಲಿ ಅವನು ಐಸ್ ನೀರು ಹಾಕುತ್ತಾನೆ. ಯಾಕೆಂದರೆ ಹಿಟ್ಟು ಉಬ್ಬುವುದು ಸಣ್ಣ ಜೀವಾಣುಗಳಿಂದ. ಅವುಗಳನ್ನು ನಾವು ಹೊರಗಿನಿಂದ ಹಾಕುವುದಿಲ್ಲ, ಉದ್ದಿನ ಬೇಳೆಯ ಜೊತೆಗೇ ಬರುತ್ತವೆ. ಅವುಗಳಲ್ಲಿ ಮುಖ್ಯವಾದದ್ದಕ್ಕೆ ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್ ಎಂದು ಹೆಸರು. ಕಾಲೇಜಿನಲ್ಲಿ ವಿಜ್ಞಾನ ಓದಿದ ನಮ್ಮ ಮಗಳು ಬರೆದುಕೊಟ್ಟದ್ದು. ನಮಗೆ ಹೇಳಲು ನಾಲಿಗೆ ತಿರುಗದಿದ್ದರೂ, ಆ ಹುಡುಗ ದಿನಾ ರಾತ್ರಿ ಅದನ್ನೇ ಸಾಕುತ್ತಿದ್ದಾನೆ. ಈ ಜೀವಾಣುಗಳು ಹಿಟ್ಟಿನ ಸಕ್ಕರೆಯಂಶ ತಿಂದು ಹುಳಿಯನ್ನೂ ಗಾಳಿಯನ್ನೂ ಕೊಡುತ್ತವೆ. ಗಾಳಿ ಉದ್ದಿನ ಲೋಳೆಯಲ್ಲಿ ಸಿಕ್ಕಿಬಿದ್ದು ಹಿಟ್ಟು ಮೇಲೆ ಬರುತ್ತದೆ. ಸುಮಾರು 30 ಡಿಗ್ರಿ ಅವುಗಳಿಗೆ ಹಿತ. ಅದಕ್ಕೇ ನಮ್ಮ ಮುಂಬಯಿಯಲ್ಲಿ ಮೇ ತಿಂಗಳಲ್ಲಿ ರಾತ್ರಿ ರುಬ್ಬಿದ ಹಿಟ್ಟು ಬೆಳಗಾಗುವ ಮುಂಚೆಯೇ ಹುಳಿಯಾಗಿ ಪಾತ್ರೆಯಿಂದ ಉಕ್ಕುತ್ತದೆ. ದಿಲ್ಲಿಯ ಸದಸ್ಯರಿಗೆ ಜನವರಿಯಲ್ಲಿ ಹಿಟ್ಟು ಏಳುವುದೇ ಇಲ್ಲ. ಪುಣೆಯಲ್ಲೂ ಚಳಿಗಾಲದಲ್ಲಿ ಅದೇ ಕಷ್ಟ.

ಹುಡುಗ ಇದಕ್ಕೆ ತನ್ನದೇ ಲೆಕ್ಕ ಇಟ್ಟಿದ್ದಾನೆ. ಬೇಸಿಗೆಯಲ್ಲಿ ಉಪ್ಪು ರಾತ್ರಿಯೇ ಹಾಕುತ್ತಾನೆ, ಉಪ್ಪಿನಿಂದ ಹುಳಿ ಬರುವುದು ನಿಧಾನವಾಗುತ್ತದೆ. ಚಳಿಗಾಲದಲ್ಲಿ ಉಪ್ಪು ಬೆಳಗ್ಗೆ. ಚಳಿ ಹೆಚ್ಚಿದ್ದರೆ ರುಬ್ಬಲು ಉಗುರು ಬೆಚ್ಚಗಿನ ನೀರು, ಪಾತ್ರೆಗೆ ಗೋಣಿಚೀಲ ಸುತ್ತಿ ಒಲೆಯ ಬದಿಗೆ ಇಡುವುದು. ಇದನ್ನು ಅವನಿಗೆ ಯಾರೂ ಕಲಿಸಲಿಲ್ಲ. ನೋಡಿ, ಕೆಡಿಸಿ, ಬೈಸಿಕೊಂಡು ಕಲಿತದ್ದು. ಕೊಯಮತ್ತೂರಿನ ವೆಟ್ ಗ್ರೈಂಡರಿಗೆ ಜಿ.ಐ. ಮಾನ್ಯತೆ ಸಿಕ್ಕಿದೆ. ಅದು ಒಳ್ಳೆಯದೇ. ಆದರೆ ಗ್ರೈಂಡರಿನ ಮುಂದೆ ನಿಂತ ಹುಡುಗನಿಗೆ ನಾವು ಅಲ್ಲಿಯವರೆಗೆ ಒಂದು ಶಹಬ್ಬಾಸ್ ಕೂಡ ಹೇಳಿರಲಿಲ್ಲ.

ವಡೆಯ ಎಣ್ಣೆ

ವಡೆ ಹಾಕುವವರು ನಮ್ಮಲ್ಲಿ ಹತ್ತು ವರ್ಷದಿಂದ ಇದ್ದಾರೆ. ಅವರ ಹೆಮ್ಮೆ ವಡೆಯ ತೂತಿನಲ್ಲಿ ಎಂದು ನಾವು ತಿಳಿದಿದ್ದೆವು. ಒದ್ದೆ ಕೈಯಲ್ಲಿ ಹಿಟ್ಟು ತೆಗೆದು ಹೆಬ್ಬೆರಳಿನಿಂದ ಒತ್ತಿ ಬಾಣಲೆಗೆ ಬಿಡುವುದನ್ನು ಗಿರಾಕಿಗಳು ಕೂಡ ನಿಂತು ನೋಡುತ್ತಾರೆ. ತೂತು ಅಂದಕ್ಕಲ್ಲ, ನಡುವೆ ಹಸಿ ಉಳಿಯದೆ ಎಲ್ಲ ಕಡೆ ಒಂದೇ ಸಮ ಬೇಯಲಿ ಎಂದು. ಆದರೆ ಅವರು ತೋರಿಸಲು ಆರಿಸಿದ್ದು ತೂತನ್ನಲ್ಲ, ಎಣ್ಣೆಯನ್ನು.

ಅವರು ಹೇಳಿದ್ದು ಇಷ್ಟು. ಎಣ್ಣೆಯ ಶತ್ರು ನಾಲ್ಕು: ನೀರು, ಉಪ್ಪು, ಕರಿದ ಚೂರು, ಸುಮ್ಮನೆ ಉರಿಯುವ ಒಲೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಒಲೆ ಸಣ್ಣದು ಮಾಡಬೇಕು. ಚೂರುಗಳನ್ನು ಆಗಾಗ ಜಾಲರಿಯಿಂದ ತೆಗೆಯಬೇಕು, ಇಲ್ಲದಿದ್ದರೆ ಅವು ಕರಿದು ಎಣ್ಣೆಯನ್ನು ಕಪ್ಪು ಮಾಡುತ್ತವೆ. ಮಧ್ಯಾಹ್ನ ಎಣ್ಣೆ ಆರಿದ ಮೇಲೆ ಬಟ್ಟೆಯಲ್ಲಿ ಸೋಸಬೇಕು. ಸತ್ತ ಎಣ್ಣೆಯ ಮೇಲೆ ಹೊಸ ಎಣ್ಣೆ ಸುರಿದರೆ ಹೊಸದೂ ಬೇಗ ಸಾಯುತ್ತದೆ. ಎಣ್ಣೆ ಮುಗಿದದ್ದು ಹೇಗೆ ಗೊತ್ತಾಗುತ್ತದೆ? ನೊರೆ ಎದ್ದು ಇಳಿಯದಿದ್ದರೆ, ಮುಂಚಿಗಿಂತ ಕಡಿಮೆ ಕಾವಿಗೇ ಹೊಗೆ ಬಂದರೆ, ಬಾಣಲೆಯ ಅಂಚಿಗೆ ಅಂಟು ಹಿಡಿದರೆ.

ಎಫ್.ಎಸ್.ಎಸ್.ಎ.ಐ. ನಿಯಮ 1 ಜುಲೈ 2018ರಿಂದ ಜಾರಿಯಲ್ಲಿದೆ ಎಂದು ಸದಸ್ಯರಿಗೆ ಗೊತ್ತೇ ಇದೆ. ಕರಿದ ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ 25 ಶೇಕಡಾ ಮೀರಿದರೆ ಅದನ್ನು ಬಳಸುವಂತಿಲ್ಲ. ಅದನ್ನು ಅಳೆಯುವ ಮೀಟರ್ ಸಿಗುತ್ತದೆ, ತರಿಸಿಕೊಳ್ಳುವುದು ಒಳ್ಳೆಯದು. ಆದರೆ ಮೀಟರ್ ಎಣ್ಣೆ ಕೆಟ್ಟಿತು ಎಂದು ಹೇಳುತ್ತದೆ, ಕೆಡದಂತೆ ನೋಡಿಕೊಳ್ಳುವುದು ಬಾಣಲೆಯ ಮುಂದೆ ಇರುವವರು. ಅವರು ಅಂದು ಇನ್ನೊಂದು ಮಾತು ಹೇಳಿದರು. "ಎಣ್ಣೆ ಹೋಯಿತು ಎಂದು ನಾನು ಎರಡು ಸಲ ಹೇಳಿದ್ದೆ, ಇವತ್ತು ಒಂದು ದಿನ ನಡೆಸಿ ಎಂದು ನೀವೇ ಹೇಳಿದಿರಿ." ಎಲ್ಲರ ಎದುರೇ ಹೇಳಿದರು. ನಾವು ಬಾಯಿ ಮುಚ್ಚಿ ಕೂರಬೇಕು ಎಂಬ ನಿಯಮ ಇತ್ತಲ್ಲ, ಸುಮ್ಮನೆ ಕೂತೆವು. ಅಂದಿನಿಂದ ಎಣ್ಣೆ ತೆಗೆಯುವ ಅಧಿಕಾರ ಅವರದೇ. ನಮ್ಮನ್ನು ಕೇಳಬೇಕಾಗಿಲ್ಲ.

ನೀಲಿ ಉರಿ

ಅತಿ ಹೆಚ್ಚು ಆಶ್ಚರ್ಯ ಆದದ್ದು ಕ್ಲೀನರ್ ಹುಡುಗನ ಪಾಠದಿಂದ. ಇಪ್ಪತ್ತು ವರ್ಷದ ಹುಡುಗ. ನನಗೆ ತೋರಿಸಲು ಏನೂ ಇಲ್ಲ, ಪಾತ್ರೆ ತಿಕ್ಕುವುದು ಅಷ್ಟೇ ಎಂದು ಎರಡು ತಿಂಗಳು ತಪ್ಪಿಸಿಕೊಂಡ. ಮೂರನೆಯ ತಿಂಗಳು ಒಂದು ಬರ್ನರ್ ಬಿಚ್ಚಿಕೊಂಡು ಬಂದು ಕೂತ.

ಅವನ ಕಥೆ ಹೀಗೆ. ಸಾಂಬಾರಿನ ಹಂಡೆಯ ತಳ ದಿನಾ ಮಸಿ ಹಿಡಿಯುತ್ತಿತ್ತು. ತಿಕ್ಕಿ ತಿಕ್ಕಿ ಅವನ ಕೈ ಸೋತಿತು. ಬೇರೆ ಒಲೆಯ ಪಾತ್ರೆಗಳಿಗೆ ಅಷ್ಟು ಮಸಿ ಇಲ್ಲ. ಯಾಕೆ ಎಂದು ನೋಡಿದ. ಆ ಒಲೆಯ ಉರಿ ಹಳದಿ, ಉಳಿದವುಗಳದು ನೀಲಿ. ಬರ್ನರಿನ ಕಣ್ಣುಗಳಲ್ಲಿ ಉಕ್ಕಿದ ಸಾಂಬಾರು ಒಣಗಿ ಕೂತಿತ್ತು. ಗಾಳಿ ಹೋಗುವ ದಾರಿಯಲ್ಲಿ ಹಿಟ್ಟಿನ ಧೂಳು. ಗ್ಯಾಸಿಗೆ ಸರಿಯಾಗಿ ಗಾಳಿ ಸೇರದಿದ್ದರೆ ಅದು ಪೂರ್ತಿ ಉರಿಯುವುದಿಲ್ಲ. ಉರಿಯದೆ ಉಳಿದದ್ದೇ ಮಸಿಯಾಗಿ ಪಾತ್ರೆಗೆ ಹತ್ತುತ್ತದೆ. ಅಂದರೆ ನಾವು 19 ಕಿಲೋ ಸಿಲಿಂಡರಿಗೆ ಕೊಟ್ಟ ಹಣದಲ್ಲಿ ಒಂದು ಪಾಲು ಹಂಡೆಯ ತಳದಲ್ಲಿ ಕೂರುತ್ತಿತ್ತು, ಅದನ್ನು ತಿಕ್ಕಲು ಮತ್ತೆ ಸೋಪು, ನೀರು, ಕೈ. ಹಾಗೆ ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷದ ಗಾಳಿಯೂ ಹುಟ್ಟುತ್ತದೆ. ಕಿಟಕಿ ಇಲ್ಲದ ಅಡುಗೆಮನೆಯಲ್ಲಿ ಅದು ಜೀವಕ್ಕೇ ಅಪಾಯ.

ಹುಡುಗ ಯಾರಿಗೂ ಹೇಳದೆ ವಾರಕ್ಕೊಮ್ಮೆ ರಾತ್ರಿ ಸಿಲಿಂಡರ್ ಬಂದ್ ಮಾಡಿ, ಬರ್ನರ್ ಆರಿದ ಮೇಲೆ ತೆಗೆದು, ಸೂಜಿಯಿಂದ ಒಂದೊಂದು ಕಣ್ಣು ಬಿಡಿಸಿ, ಒಣಗಿಸಿ ಇಡುತ್ತಿದ್ದ. ಗ್ಯಾಸ್ ಬಿಲ್ಲು ಸ್ವಲ್ಪ ಇಳಿದದ್ದನ್ನು ನಾವು ನೋಡಿದ್ದೆವು. ವ್ಯಾಪಾರ ಕಡಿಮೆಯಾಗಿದೆ ಎಂದು ತಿಳಿದು ಚಿಂತೆ ಮಾಡಿದ್ದೆವು! ಹಾಗೆಂದು ರೆಗ್ಯುಲೇಟರ್, ಪೈಪು, ಜೆಟ್ ಇವುಗಳಿಗೆ ನಮ್ಮ ಹುಡುಗರು ಕೈ ಹಾಕಬಾರದು. ಅದು ಗ್ಯಾಸ್ ಮೆಕ್ಯಾನಿಕ್ಕಿನ ಕೆಲಸ ಎಂದು ಅವನಿಗೂ ಹೇಳಿದ್ದೇವೆ.

ಬಾಗಿಲಿಗೆ ಬರುವ ಕುಶಲಿಗಳು

ಒಳಗಿನವರಷ್ಟೇ ಅಲ್ಲ, ಹೊರಗಿನಿಂದ ಬರುವವರಲ್ಲೂ ಇಂಥ ವಿದ್ಯೆ ಇದೆ. ನಮ್ಮಲ್ಲಿ ತಂದೆಯವರ ಕಾಲದ ಎರಡು ತಾಮ್ರದ ಹಂಡೆ ಇವೆ. ಅವಕ್ಕೆ ಕಲಾಯಿ ಹಾಕುವ ಹಿರಿಯರೊಬ್ಬರು ವರ್ಷಕ್ಕೆರಡು ಸಲ ಬರುತ್ತಾರೆ. ಒಂದು ಮಂಗಳವಾರ ಅವರನ್ನೇ ಕೂರಿಸಿ ಕೇಳಿದೆವು.

ಹುಳಿ ಪದಾರ್ಥ ಬರೀ ತಾಮ್ರಕ್ಕೆ ಸೋಕಿದರೆ ಕಿಲುಬು ಬಿಡುತ್ತದೆ, ಅದು ವಿಷ. ಹುಣಸೆ, ಟೊಮೆಟೊ ಇಲ್ಲದೆ ನಮ್ಮ ಸಾಂಬಾರು ಇಲ್ಲ. ಅದಕ್ಕೆ ಒಳಗೆ ತವರದ ಲೇಪ. ಪಾತ್ರೆ ಕಾಯಿಸಿ, ನವಸಾಗರದ ಪುಡಿ ಹಾಕಿ ಉಜ್ಜಿದರೆ ಬಿಳಿ ಹೊಗೆ ಎದ್ದು ಲೋಹದ ಮೈ ಶುದ್ಧವಾಗುತ್ತದೆ. ಕೂಡಲೇ ತವರದ ಕಡ್ಡಿ ತಾಗಿಸಿ, ಕರಗಿದ್ದನ್ನು ಹತ್ತಿಯಿಂದ ಒಂದೇ ಬೀಸಿನಲ್ಲಿ ಸುತ್ತ ಒರೆಸುತ್ತಾರೆ. ತವರ 232 ಡಿಗ್ರಿಗೇ ಕರಗುತ್ತದೆ. ಆದ್ದರಿಂದ ಕಲಾಯಿ ಪಾತ್ರೆಯನ್ನು ಖಾಲಿ ಒಲೆಯ ಮೇಲೆ ಇಡಬಾರದು, ಲೇಪ ಜಾರಿಹೋಗುತ್ತದೆ. ಇಷ್ಟು ವರ್ಷ ನಾವು ಹಂಡೆ ಕಾಯಿಸಿಟ್ಟು ಆಮೇಲೆ ಒಗ್ಗರಣೆ ಹಾಕುತ್ತಿದ್ದೆವು. ಕಲಾಯಿ ಬೇಗ ಹೋಗುತ್ತದೆ ಎಂದು ಅವರನ್ನೇ ದೂರುತ್ತಿದ್ದೆವು. ಅವರ ಮಗ ಈ ಕೆಲಸಕ್ಕೆ ಬಂದಿಲ್ಲ. ಅವರ ನಂತರ ನಮ್ಮ ಹಂಡೆಗಳಿಗೆ ಯಾರು ಎಂದು ಗೊತ್ತಿಲ್ಲ.

ಹಿರಿಯರು ತೋರಿಸಿದ ದಾರಿ

ಕೆಲಸವನ್ನು ತೋರಿಸುವುದು ನಮ್ಮ ಉದ್ಯಮದಲ್ಲಿ ಹೊಸದಲ್ಲ. 1924ರಲ್ಲಿ ಆರಂಭವಾದ ಬೆಂಗಳೂರಿನ ಮಾವಳ್ಳಿ ಟಿಫನ್ ರೂಮ್ಸ್‌ನಲ್ಲಿ ಗಿರಾಕಿಗಳು ಅಡುಗೆಮನೆಯನ್ನು ನೋಡಲು ಅವಕಾಶ ಇಟ್ಟಿದ್ದರು. ಅದರಿಂದ ಗಿರಾಕಿಗೆ ನಂಬಿಕೆ, ಒಳಗಿನವರಿಗೆ ಶಿಸ್ತು. ಮದರಾಸಿನಲ್ಲಿ 1938ರಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕೆ. ಕೃಷ್ಣ ರಾಯರು ಅಡುಗೆಮನೆಯ ಸಣ್ಣ ಕೆಲಸದಿಂದಲೇ ಮೇಲೆ ಬಂದವರು. ಇಲ್ಲಿ ಮಾಟುಂಗದಲ್ಲಿ ಎ. ರಾಮ ನಾಯಕರು 1942ರಲ್ಲಿ ಊಟದ ಬೋರ್ಡಿಂಗ್ ಆರಂಭಿಸಿದರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಎಷ್ಟೋ ಕನ್ನಡದ ಹುಡುಗರು ಇದೇ ಮುಂಬಯಿಯಲ್ಲಿ ಮಾಲಿಕರಾದರು. ಆ ಕಾಲದ ಮಾಲಿಕರಲ್ಲಿ ಹಲವರಿಗೆ ರುಬ್ಬುವ ಕಲ್ಲಿನ ಭಾರ ಕೈಯಾರೆ ಗೊತ್ತಿತ್ತು. ಭಟ್ಟರು ರಜೆ ಹಾಕಿದರೆ ತಾವೇ ಪಂಚೆ ಎತ್ತಿ ಕಟ್ಟಿ ಕಾವಲಿಗೆ ನಿಲ್ಲುತ್ತಿದ್ದರು.

ನಮ್ಮಲ್ಲಿ ಹಲವರಿಗೆ ಗಲ್ಲಾ ಗೊತ್ತು, ಕಾವಲಿ ಗೊತ್ತಿಲ್ಲ. ಊರಿನಿಂದ ಹುಡುಗರು ಬರುವುದೂ ಕಡಿಮೆಯಾಗಿದೆ. ಒಡಿಶಾ, ಬಂಗಾಳ, ಉತ್ತರ ಪ್ರದೇಶ, ನೇಪಾಳದ ಹುಡುಗರು ನಮ್ಮ ತಿಂಡಿಗಳನ್ನು ಮಾಡುತ್ತಿದ್ದಾರೆ. ಅವರು ಕಲಿಯಲಾರರು ಎಂಬುದು ಸುಳ್ಳು. ಮುಂಚೆ ಹಳ್ಳಿಯ ಮನೆಯಲ್ಲಿ ಅಮ್ಮ, ಅಜ್ಜಿ ದೋಸೆ ಹಾಕುವುದನ್ನು ನೋಡಿ ಬೆಳೆದ ಹುಡುಗನಿಗೆ ಅರ್ಧ ವಿದ್ಯೆ ಮೊದಲೇ ಇರುತ್ತಿತ್ತು. ಈ ಹುಡುಗರಿಗೆ ಬಾಯಿಬಿಟ್ಟು ಹೇಳಬೇಕು, ಕಾರಣ ಸಮೇತ ಹೇಳಬೇಕು. ಹೇಳಬಲ್ಲ ಭಟ್ಟರುಗಳು ಒಬ್ಬೊಬ್ಬರಾಗಿ ಊರಿಗೆ ಹೋಗುತ್ತಿದ್ದಾರೆ. ಅವರು ಬಸ್ಸು ಹತ್ತುವ ಮುಂಚೆ ಕೇಳಿಕೊಳ್ಳದಿದ್ದರೆ ಮುಂದೆ ಕೇಳಲು ಯಾರೂ ಇರುವುದಿಲ್ಲ.

ಮಾಡುವುದು ಹೇಗೆ

ಸದಸ್ಯರಲ್ಲಿ ಯಾರಿಗಾದರೂ ಇದನ್ನು ಮಾಡುವ ಮನಸ್ಸಿದ್ದರೆ ನಮ್ಮ ಅನುಭವದ ನಾಲ್ಕು ಮಾತು.

ಒಂದು, ಕೆಲಸದ ಸಮಯದಲ್ಲೇ ಮಾಡಿ. ಅವರ ವಿಶ್ರಾಂತಿಯ ಸಮಯವನ್ನು ಕಸಿದುಕೊಳ್ಳಬೇಡಿ. ಮುಕ್ಕಾಲು ಗಂಟೆ ಸಾಕು, ಜೊತೆಗೆ ಚಹಾ.

ಎರಡು, ಏನು ತೋರಿಸಬೇಕು ಎಂದು ಅವರೇ ಆರಿಸಲಿ. ನಾವು ಆರಿಸಿದರೆ ಅದು ಪರೀಕ್ಷೆ ಆಗುತ್ತದೆ. ಅವರೇ ಆರಿಸಿದರೆ ನಮಗೆ ಗೊತ್ತೇ ಇಲ್ಲದ್ದು ಹೊರಗೆ ಬರುತ್ತದೆ.

ಮೂರು, ಬರೆದಿಡಿ. ಬರೆಯಲು ಬಾರದವರ ಮಾತನ್ನು ಬೇರೆಯವರು ಬರೆಯಲಿ, ಮೊಬೈಲಿನಲ್ಲಿ ವಿಡಿಯೊ ತೆಗೆದಿಡಿ. ಪುಟದ ಮೇಲೆ ಹೇಳಿದವರ ಹೆಸರು ಇರಲಿ. ನಮ್ಮ ಗಲ್ಲಾದ ಪಕ್ಕದಲ್ಲಿ ಒಂದು ಸಣ್ಣ ಹಲಗೆಯಲ್ಲಿ ಅಂದಿನ ದೋಸೆ ಯಾರದು, ಹಿಟ್ಟು ಯಾರದು, ಕಾಫಿ ಯಾರದು ಎಂದು ಬರೆಯುತ್ತೇವೆ. ಗಿರಾಕಿ ಹೊಗಳಿದರೆ ಹೆಸರು ಹಿಡಿದು ಹೊಗಳುತ್ತಾರೆ. ಆ ಮಾತನ್ನು ಅಂದೇ ಒಳಗೆ ಮುಟ್ಟಿಸುವುದು ಮಾಣಿಯ ಕೆಲಸ ಎಂದು ನಿಯಮ ಮಾಡಿದ್ದೇವೆ.

ನಾಲ್ಕು, ಇದು ಸಂಬಳದ ಬದಲಿಗೆ ಅಲ್ಲ. ಬರೀ ಚಪ್ಪಾಳೆಯಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಗ್ರೈಂಡರ್ ಹುಡುಗನಿಗೂ ಬರ್ನರ್ ಹುಡುಗನಿಗೂ ಸಂಬಳ ಹೆಚ್ಚಿಸಿದೆವು. ವಾರದ ರಜೆ, ಪಿ.ಎಫ್., ಒಳ್ಳೆಯ ಮಲಗುವ ಜಾಗ ಇವು ಇಲ್ಲದೆ ನಿನ್ನ ಕೆಲಸಕ್ಕೆ ಹೆಮ್ಮೆ ಪಡು ಎಂದು ಹೇಳಲು ನಮಗೆ ಬಾಯಿ ಇರುವುದಿಲ್ಲ.

ಕಲಿತವರು ಬಿಟ್ಟು ಹೋಗುವುದಿಲ್ಲವೇ, ಎದುರಿನ ಹೋಟೆಲಿಗೆ ನಮ್ಮ ಗುಟ್ಟು ಹೋಗುವುದಿಲ್ಲವೇ ಎಂದು ಮಿತ್ರರು ಕೇಳುತ್ತಾರೆ. ಹೋಗುತ್ತಾರೆ. ಆ ಹೊಸ ದೋಸೆ ಭಟ್ಟರೇ ಎರಡು ವರ್ಷದ ಮೇಲೆ ಹೆಚ್ಚಿನ ಸಂಬಳಕ್ಕೆ ಬೇರೆ ಕಡೆ ಹೋದರು. ನಮಗೆ ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಈ ಸಲ ಅಕ್ಕಿ ವ್ಯಾಪಾರಿಯ ಮೇಲೆ ರೇಗಬೇಕಾಗಿ ಬರಲಿಲ್ಲ. ಕಾವಲಿಗೆ ಸೋಪು ಬೀಳಲಿಲ್ಲ. ಅವರ ಕೈಕೆಳಗಿದ್ದ ಹುಡುಗ ನೋಟ್‌ಬುಕ್ಕಿನ ಪುಟ ಮುಂದಿಟ್ಟುಕೊಂಡು ಮೂರು ವಾರದಲ್ಲಿ ಕಾವಲಿ ಹಿಡಿದ. ಮನುಷ್ಯ ಹೋದರೂ ವಿದ್ಯೆ ಮನೆಯಲ್ಲೇ ಉಳಿಯಿತು. ಇನ್ನು ಗುಟ್ಟಿನ ಮಾತು. ನೀರಿನ ಸದ್ದು ಕೇಳಿ ದೋಸೆ ಹಾಕಬೇಕು ಎಂದು ಇಲ್ಲಿ ಎಲ್ಲರಿಗೂ ಬರೆದು ಹೇಳಿದ್ದೇವೆ. ಆ ಸದ್ದು ಕಿವಿಗೆ ಹತ್ತಲು ಸಾವಿರ ದೋಸೆ ಹಾಕಲೇಬೇಕು. ಅದನ್ನು ಯಾರೂ ಕದಿಯಲಾರರು.

ಹೋದ ವರ್ಷ ನಮ್ಮ ಹಳೆಯ ಭಟ್ಟರು ಸಂಬಂಧಿಕರ ಮದುವೆಗೆಂದು ಮುಂಬಯಿಗೆ ಬಂದಿದ್ದರು. ಹೋಟೆಲಿಗೂ ಬಂದರು. ಚಹಾ ಕುಡಿಯುವ ಮುಂಚೆ ನೇರ ಒಳಗೆ ಹೋಗಿ ಕಾವಲಿಯ ಮುಂದೆ ನಿಂತರು. ಬೆರಳು ಅದ್ದಿ ನಾಲ್ಕು ಹನಿ ನೀರು ಚಿಮುಕಿಸಿ ತಲೆ ಬಾಗಿಸಿ ಕೇಳಿದರು. "ಪಳಗಿದೆ" ಎಂದರು. ಆ ಹುಡುಗ ಅಂದು ಇಡೀ ಸಂಜೆ ನಗುತ್ತಾ ದೋಸೆ ಹಾಕಿದ.

ನಿಮ್ಮ ಹೋಟೆಲಿನಲ್ಲೂ ಇಂಥವರು ಇದ್ದೇ ಇರುತ್ತಾರೆ. ಚೆನ್ನೈಯಲ್ಲಿ ಕಾಫಿಯ ಡಿಕಾಕ್ಷನ್ ಇಳಿಸುವವರು, ಹೈದರಾಬಾದಿನಲ್ಲಿ ಚಟ್ನಿ ರುಬ್ಬುವವರು, ದಿಲ್ಲಿಯ ಚಳಿಯಲ್ಲಿ ಹಿಟ್ಟು ಎಬ್ಬಿಸುವವರು. ಒಮ್ಮೆ ಹತ್ತಿರ ಕೂತು ಕೇಳಿ. ಅವರು ಹೇಳಿದ ಒಂದು ಕೆಲಸವನ್ನು ಬರೆದು ಈ ಪತ್ರಿಕೆಗೆ ಕಳಿಸಿ, ಹೇಳಿದವರ ಹೆಸರಿನಲ್ಲೇ ಕಳಿಸಿ. ಅಚ್ಚಾದ ಮೇಲೆ ಆ ಪುಟವನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ. ಖರ್ಚು ಏನೂ ಇಲ್ಲ. ಕೇಳದೆ ಇದ್ದರೆ ಎಷ್ಟು ಖರ್ಚು ಬೀಳುತ್ತದೆ ಎಂದು ನಮಗೆ ಒಂದು ಮಳೆಗಾಲದಲ್ಲಿ ಗೊತ್ತಾಗಿದೆ.